ಕಲಿಕೆಯ ತೊಡಕುಗಳು

ಮಂಡ್ಯ ಜಿಲ್ಲೆಯ ರೈತನಿಗೆ ಗದ್ದೆಯ ಬಣ್ಣವೇ ಒಂದು ಭಾಷೆ. ಪೈರು ಹಳದಿಗೆ ತಿರುಗಿತೆಂದರೆ ಏನೋ ಕೆಟ್ಟಿದೆ ಎಂಬುದನ್ನು ಆತನು ದೂರದಿಂದಲೇ ಅರಿಯುತ್ತಾನೆ. ಆದರೆ ಏನು ಕೆಟ್ಟಿದೆ ಎಂಬುದು ಆ ಬಣ್ಣವೊಂದರಿಂದಲೇ ತಿಳಿಯುವುದಿಲ್ಲ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರನ್ನು ಈ ಬಯಲಿಗೆ ತಂದ ವಿಶ್ವೇಶ್ವರಯ್ಯ ನಾಲೆಯ ಮೇಲುಭಾಗದ ಗದ್ದೆಯಲ್ಲಿ ನೀರು ಹೆಚ್ಚಾಗಿ ನಿಂತು ಬೇರು ಕೊಳೆತಿರಬಹುದು. ಮಳವಳ್ಳಿಯ ಕಡೆ ನಾಲೆಯ ಕೊನೆಯ ಗದ್ದೆಯಲ್ಲಿ ನೀರು ಸಾಲದೆ ಪೈರು ಬಾಡಿರಬಹುದು. ಇನ್ನೊಂದು ಗದ್ದೆಯ ಮಣ್ಣಿನಲ್ಲಿ ಸತುವಿನ ಕೊರತೆ ಇರಬಹುದು. ಮತ್ತೊಂದರಲ್ಲಿ ಹುಳು ಬಿದ್ದಿರಬಹುದು. ಬಣ್ಣ ಒಂದೇ, ಕಾರಣ ನಾಲ್ಕು. ಎಲ್ಲ ಗದ್ದೆಗಳಿಗೂ ಒಂದೇ ಮದ್ದನ್ನು ಹಾಕುವ ರೈತನು ಪೈರನ್ನೂ ಹಣವನ್ನೂ ಕಳೆದುಕೊಳ್ಳುತ್ತಾನೆ.

ಶಾಲೆಯ ತರಗತಿಯೂ ಇಂತಹ ಒಂದು ಗದ್ದೆ. ನಲವತ್ತು ಮಕ್ಕಳಲ್ಲಿ ಐದಾರು ಮಂದಿ ಓದಿನಲ್ಲಿ ಹಿಂದೆ ಬೀಳುತ್ತಾರೆ. ಅವರೆಲ್ಲರ ಉತ್ತರಪತ್ರಿಕೆಗಳೂ ಹೊರನೋಟಕ್ಕೆ ಒಂದೇ ಬಗೆಯವು: ಕಾಗುಣಿತ ತಪ್ಪು, ವಾಕ್ಯ ಅರೆಬರೆ, ಅಂಕ ಕಡಿಮೆ. ಸಮಾಜವು ಅವರೆಲ್ಲರಿಗೂ 'ದಡ್ಡ' ಎಂಬ ಒಂದೇ ಹೆಸರನ್ನು ಕೊಟ್ಟು ಸುಮ್ಮನಾಗುತ್ತದೆ. ಆ ಒಂದು ಪದದ ಅಡಿಯಲ್ಲಿ ಎಷ್ಟು ಬೇರೆ ಬೇರೆ ಸ್ಥಿತಿಗಳು ಅಡಗಿವೆ, ಅವು ಒಂದರಿಂದ ಒಂದು ಹೇಗೆ ಭಿನ್ನವಾಗಿವೆ, ಎಲ್ಲಿ ಒಂದರೊಡನೊಂದು ಹೆಣೆದುಕೊಂಡಿವೆ ಎಂಬುದನ್ನು ತಿಳಿಯುವುದು ಅವಶ್ಯಕ. ತಿಳಿಯದೆ ಹೋದರೆ ಕಳೆದುಹೋಗುವುದು ಒಂದು ಬೆಳೆಯಲ್ಲ, ಒಂದು ಬಾಳು.

ಮದ್ದೂರಿನ ಎಳನೀರು ಮಾರುಕಟ್ಟೆ ಹೆಸರುವಾಸಿಯಾದುದು. ಅಲ್ಲಿ ತಂದೆಗೆ ನೆರವಾಗುವ ಬಾಲಕನೊಬ್ಬನನ್ನು ಭಾವಿಸಿಕೊಳ್ಳಬಹುದು. ನೂರೆಂಟು ಕಾಯಿಗೆ ಎಷ್ಟಾಯಿತೆಂಬುದನ್ನು ಆತನು ಬಾಯಿಲೆಕ್ಕದಲ್ಲಿಯೇ ಹೇಳಬಲ್ಲನು. ಯಾವ ಲಾರಿ ಯಾವ ಊರಿಗೆ ಹೊರಟಿತೆಂಬುದು ಆತನಿಗೆ ನೆನಪಿರುತ್ತದೆ. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತಾನೆ. ಆದರೆ ಪಾಠವನ್ನು ಓದಲು ಎದ್ದು ನಿಂತನೆಂದರೆ ಮೊದಲ ಸಾಲಿನಲ್ಲಿಯೇ ನಿಂತುಬಿಡುತ್ತಾನೆ. 'ಲೆಕ್ಕದಲ್ಲಿ ಗಟ್ಟಿಗ ಕಣ್ ಮೇಷ್ಟ್ರೇ, ಓದೊಂದು ತಲೆಗೆ ಅತ್ತಕಿಲ್ಲ' ಎಂದು ತಂದೆಯು ಶಾಲೆಗೆ ಬಂದು ಹೇಳಿಕೊಳ್ಳುತ್ತಾನೆ. ಅಕ್ಷರ ಬಾರದ ಆ ತಂದೆಯ ಮಾತಿನಲ್ಲಿ ವೈದ್ಯಶಾಸ್ತ್ರದ ಒಂದು ದೊಡ್ಡ ಸತ್ಯವೇ ಅಡಗಿದೆ. ಬುದ್ಧಿಯು ಚುರುಕಾಗಿದ್ದು, ಕಣ್ಣು ಕಿವಿಗಳು ನೆಟ್ಟಗಿದ್ದು, ಕಲಿಯಲು ತಕ್ಕ ಅವಕಾಶವೂ ದೊರೆತು, ಆದರೂ ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದು ಮಾತ್ರ ಅಥವಾ ಕೆಲವು ಮಾತ್ರ ಬಹುಕಾಲ ಕೈಗೆ ಹತ್ತದಿರುವುದನ್ನು 'ನಿರ್ದಿಷ್ಟ ಕಲಿಕಾ ನ್ಯೂನತೆ' ಎಂದು ಕರೆಯುತ್ತಾರೆ. 'ನಿರ್ದಿಷ್ಟ' ಎಂಬ ಪದವೇ ಇಲ್ಲಿ ಮುಖ್ಯವಾದುದು. ತೊಡಕು ಇಡೀ ಬುದ್ಧಿಯದಲ್ಲ. ಅದರ ಒಂದು ಮೂಲೆಯದು.

ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂದೂ, ಬರಹದ ತೊಡಕಿಗೆ ಡಿಸ್‌ಗ್ರಾಫಿಯಾ ಎಂದೂ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕ್ಯುಲಿಯಾ ಎಂದೂ ಹೆಸರುಗಳುಂಟು. ಇವು ಅಪರೂಪದವುಗಳೇನಲ್ಲ. ಬೇರೆ ಬೇರೆ ಭಾಷೆಗಳನ್ನಾಡುವ ನಾಡುಗಳಲ್ಲಿ ಶಾಲೆಗೆ ಹೋಗುವ ನೂರು ಮಕ್ಕಳಲ್ಲಿ ಐದರಿಂದ ಹದಿನೈದು ಮಂದಿಗೆ ಇಂತಹ ಯಾವುದಾದರೊಂದು ತೊಡಕು ಇರುವುದೆಂದು ಅಂದಾಜು ಮಾಡಲಾಗಿದೆ. ಅಂದರೆ ಬಹುತೇಕ ಪ್ರತಿಯೊಂದು ತರಗತಿಯಲ್ಲಿಯೂ ಇಂತಹ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ.

ಈ ಸ್ಥಿತಿಯನ್ನು ವೈದ್ಯಲೋಕವು ಗುರುತಿಸಿದ ಬಗೆಯೂ ಸ್ವಾರಸ್ಯಕರವಾಗಿದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯನು ಹದಿನಾಲ್ಕು ವರ್ಷದ ಒಬ್ಬ ಬಾಲಕನ ವೃತ್ತಾಂತವನ್ನು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಆ ಹುಡುಗನು ಆಟದಲ್ಲಿ ಯಾರಿಗೂ ಕಡಿಮೆಯಲ್ಲ; ಕಣ್ಣಿನ ದೃಷ್ಟಿ ಚೆನ್ನಾಗಿತ್ತು; 749ನ್ನು 867ರಿಂದ ತಪ್ಪಿಲ್ಲದೆ ಗುಣಿಸಬಲ್ಲವನಾಗಿದ್ದನು. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡ ಮೇಲೂ ಸಣ್ಣ ಸಣ್ಣ ಪದಗಳನ್ನು ಓದಲಾರದವನಾಗಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಶಾಲೆಯಲ್ಲಿ ಈತನೇ ಮೊದಲಿಗನಾಗುತ್ತಿದ್ದನೆಂದು ಆತನ ಅಧ್ಯಾಪಕನು ಅಭಿಪ್ರಾಯಪಟ್ಟಿದ್ದನು. ಮದ್ದೂರಿನ ತಂದೆಯ ಮಾತಿಗೂ ಆ ಅಧ್ಯಾಪಕನ ಮಾತಿಗೂ ಅರ್ಥದಲ್ಲಿ ವ್ಯತ್ಯಾಸವಿಲ್ಲ. ಮುಂದೆ 1963ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಯಾಮ್ಯುಯೆಲ್ ಕರ್ಕ್ ಎಂಬಾತನು ಷಿಕಾಗೋ ನಗರದಲ್ಲಿ ಸೇರಿದ್ದ ತಂದೆತಾಯಿಗಳ ಸಭೆಯೊಂದರಲ್ಲಿ 'ಕಲಿಕಾ ನ್ಯೂನತೆ' ಎಂಬ ಮಾತನ್ನು ಬಳಕೆಗೆ ತಂದನು. ಕುರುಡು, ಕಿವುಡುಗಳಿಂದಾಗಲಿ ಇಡೀ ಬುದ್ಧಿಯ ಬೆಳವಣಿಗೆ ಕುಂಠಿತವಾದುದರಿಂದಾಗಲಿ ಉಂಟಾಗುವ ತೊಂದರೆಗಳನ್ನು ಈ ಗುಂಪಿಗೆ ಸೇರಿಸಲಾಗದೆಂದು ಆತನು ಆಗಲೇ ಸ್ಪಷ್ಟಪಡಿಸಿದ್ದನು.

ಇದು ಇಂಗ್ಲಿಷ್ ಓದುವವರ ಕಷ್ಟವೇ ಹೊರತು ಉಚ್ಚರಿಸಿದಂತೆ ಬರೆಯುವ ಕನ್ನಡದಲ್ಲಿ ಹೀಗಾಗದು ಎಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. ಕನ್ನಡ ಕಲಿಯುವ ಮಕ್ಕಳಲ್ಲಿಯೂ ಡಿಸ್ಲೆಕ್ಸಿಯಾ ಉಂಟೆಂಬುದನ್ನು, ಸಂಕೇತಗಳನ್ನು ನಿರ್ವಹಿಸುವಲ್ಲಿ ಅವರು ತೊಡಕನ್ನು ಅನುಭವಿಸುವರೆಂಬುದನ್ನು ಮೈಸೂರಿನ ಎಸ್. ರಮಾ, ಎಂ. ಎಸ್. ಲಲಿತಮ್ಮ ಮತ್ತು ಬ್ರಿಟನ್ನಿನ ಟಿ. ಆರ್. ಮೈಲ್ಸ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಕನ್ನಡಕ್ಕೆ ತನ್ನದೇ ಆದ ಕಠಿಣ ಸ್ಥಳಗಳಿವೆ. ವರ್ಣಮಾಲೆಯಲ್ಲಿ ಐವತ್ತರಷ್ಟೇ ಅಕ್ಷರಗಳಿದ್ದರೂ, ಕಾಗುಣಿತ ಹಾಗೂ ಒತ್ತಕ್ಷರಗಳು ಸೇರಿದಾಗ ಮಗುವು ಗುರುತಿಸಬೇಕಾದ ರೂಪಗಳು ನಾನೂರನ್ನು ಮೀರುತ್ತವೆ. 'ಪ' ಮತ್ತು 'ಷ', 'ದ' ಮತ್ತು 'ಧ' ಇವುಗಳ ನಡುವೆ ಇರುವುದು ಒಂದು ಸಣ್ಣ ಗೀಟಿನ ವ್ಯತ್ಯಾಸ. 'ಕರ್ಮ' ಎಂಬ ಪದದಲ್ಲಿ 'ರ್' ಎಂಬ ಧ್ವನಿ ಮೊದಲು ಕೇಳಿಸುತ್ತದೆ. ಆದರೆ ಅರ್ಕಾವೊತ್ತನ್ನು ಬರೆಯುವುದು 'ಮ' ಅಕ್ಷರದ ಬಳಿಕ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ಡಿಸ್ಲೆಕ್ಸಿಯಾ ಇರುವ ಮಗುವು ಇಂತಹ ಎಡೆಗಳಲ್ಲಿ ಎಡವುತ್ತದೆ. ಕೆಲವು ಮಕ್ಕಳು ತಪ್ಪಿಲ್ಲದೆ ಓದಿದರೂ ಒಂದೊಂದೇ ಅಕ್ಷರವನ್ನು ಕೂಡಿಸಿಕೊಂಡು ಅತಿ ನಿಧಾನವಾಗಿ ಓದುತ್ತಾರೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಆರಂಭವೇ ಮರೆತುಹೋಗಿರುತ್ತದೆ.

ಹಾಗೆಂದು ನಿಧಾನವಾಗಿ ಓದುವ ಮಕ್ಕಳೆಲ್ಲರಿಗೂ ಈ ಹೆಸರನ್ನು ಅಂಟಿಸಬಾರದು. ಕನ್ನಡದ ಅಕ್ಷರಗಳ ಕಲಿಕೆಯು ಎಲ್ಲ ಮಕ್ಕಳಿಗೂ ಬಹುಕಾಲ ಹಿಡಿಯುವ ಕೆಲಸ. ಅದು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುವುದನ್ನು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ತಿಳಿಸಿದೆ. ಎರಡನೆಯ ತರಗತಿಯ ಮಗುವು ಒತ್ತಕ್ಷರದಲ್ಲಿ ತಡವರಿಸಿದರೆ ಅದು ಬೆಳವಣಿಗೆಯ ಒಂದು ಮೆಟ್ಟಿಲು. ತಕ್ಕ ಪಾಠವನ್ನು ಹೇಳಿಕೊಟ್ಟ ಮೇಲೂ ಆರನೆಯ ತರಗತಿಯಲ್ಲಿ ಅದೇ ತಡವರಿಕೆ ಉಳಿದರೆ ಅದು ವಿಚಾರ ಮಾಡಬೇಕಾದ ಸಂಗತಿ.

ಮಂಡ್ಯದ ಕಡೆ ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಇಲ್ಲಿನ ಆಡುಮಾತಿನಲ್ಲಿ ಹಕಾರವು ಬಿದ್ದುಹೋಗುವುದು ಸಹಜ. 'ಹಾಲು' ಎಂಬುದು 'ಆಲು' ಆಗುತ್ತದೆ, 'ಹೋಗು' ಎಂಬುದು 'ಓಗು' ಆಗುತ್ತದೆ. ಮಗುವು ಕಿವಿಗೆ ಕೇಳಿಸಿದಂತೆ ಬರೆಯುತ್ತದೆ. ಶಾಲೆಯಲ್ಲಿ ತಿದ್ದಿಸಿಕೊಂಡ ಬಳಿಕ ಹಕಾರವನ್ನು ಬಿಡಬಾರದೆಂಬ ಹೆದರಿಕೆಯಿಂದ 'ಅಕ್ಕಿ'ಯನ್ನೂ 'ಹಕ್ಕಿ' ಮಾಡಿಬಿಡುತ್ತದೆ. ಇದು ನ್ಯೂನತೆಯಲ್ಲ, ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವಿನ ಅಂತರ. ಅಂತೆಯೇ ಕಬ್ಬು ಕಡಿಯುವ ಕಾಲದಲ್ಲಿ ಬೇರೆ ಜಿಲ್ಲೆಗಳಿಂದ ಬರುವ ಕೂಲಿಕಾರರ ಮಕ್ಕಳು ಊರಿಂದೂರಿಗೆ ಅಲೆಯುವುದರಿಂದ ತಿಂಗಳುಗಟ್ಟಲೆ ಶಾಲೆಯನ್ನು ಕಾಣುವುದಿಲ್ಲ. ಅವರಿಗೆ ಓದು ಬಾರದಿರುವುದಕ್ಕೆ ಕಾರಣ ಮಿದುಳಿನಲ್ಲಿಲ್ಲ, ಬದುಕಿನಲ್ಲಿದೆ. ಬೇರು ಚೆನ್ನಾಗಿದ್ದು ನೀರೇ ದೊರೆಯದ ನಾಲೆಯ ಕೊನೆಯ ಗದ್ದೆಯಂತೆ ಅವರ ಸ್ಥಿತಿ. ಇಂತಹವರಿಗೆ ಬೇಕಾದುದು ವೈದ್ಯನಲ್ಲ, ಶಾಲೆ.

ಇನ್ನು ಕಲಿಕಾ ನ್ಯೂನತೆಯನ್ನು ಹೋಲುವ ಇತರ ಸ್ಥಿತಿಗಳನ್ನು ಒಂದೊಂದಾಗಿ ನೋಡಬಹುದು. ಮೊದಲನೆಯದು ಬೌದ್ಧಿಕ ನ್ಯೂನತೆ. ಇದನ್ನೇ ಹಿಂದೆ ಬುದ್ಧಿಮಾಂದ್ಯವೆಂದು ಕರೆಯುತ್ತಿದ್ದರು. ಇಲ್ಲಿ ಓದು ಮಾತ್ರವಲ್ಲದೆ ಮಾತು, ತಿಳಿವಳಿಕೆ, ತನ್ನ ಕೆಲಸಗಳನ್ನು ತಾನೇ ಮಾಡಿಕೊಳ್ಳುವುದು, ಹಣದ ವ್ಯವಹಾರ ಇವೆಲ್ಲವೂ ವಯಸ್ಸಿಗೆ ತಕ್ಕಂತೆ ಬೆಳೆದಿರುವುದಿಲ್ಲ. ಮದ್ದೂರಿನ ಬಾಲಕನು ಮಾರುಕಟ್ಟೆಯಲ್ಲಿ ಜಾಣ, ಪುಸ್ತಕದ ಮುಂದೆ ಮಾತ್ರ ಮೂಕ. ಬೌದ್ಧಿಕ ನ್ಯೂನತೆ ಇರುವ ಮಗುವಿಗೆ ಎರಡೂ ಕಡೆ ನೆರವು ಬೇಕಾಗುತ್ತದೆ. ಈ ಮಗುವೂ ಕಲಿಯಬಲ್ಲದು. ಆದರೆ ಅದರ ಹೆಜ್ಜೆ ಚಿಕ್ಕದು, ದಾರಿ ಬೇರೆ.

ಎರಡನೆಯದು ಕಿವಿಯ ದೋಷ. ಮಳವಳ್ಳಿಯ ಹಳ್ಳಿಯೊಂದರ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಚಿಕ್ಕಂದಿನಿಂದ ಆಕೆಯ ಕಿವಿ ಸೋರುತ್ತಿತ್ತು. ಮನೆಯವರು ಎಣ್ಣೆ ಬಿಟ್ಟು ಸುಮ್ಮನಾದರು. ಆಕೆಗೆ ಪೂರ್ತಿ ಕಿವುಡಿಲ್ಲ. ಹತ್ತಿರದ ಮಾತು ಕೇಳಿಸುತ್ತದೆ, ಹಿಂದಿನ ಸಾಲಿನಲ್ಲಿ ಕುಳಿತಾಗ ಅಧ್ಯಾಪಕರ ಮಾತಿನ ಅರ್ಧ ಕಳೆದುಹೋಗುತ್ತದೆ. 'ಪ'ಕಾರಕ್ಕೂ 'ತ'ಕಾರಕ್ಕೂ ಭೇದ ತಿಳಿಯದೆ ಆಕೆಯು ಉಕ್ತಲೇಖನದಲ್ಲಿ ತಪ್ಪುಗಳನ್ನು ಮಾಡುತ್ತಾಳೆ. ಕರಿಹಲಗೆಯಿಂದ ನೋಡಿ ಬರೆದಾಗ ತಪ್ಪು ಕಡಿಮೆ. ಈ ವ್ಯತ್ಯಾಸವೇ ಕಾರಣದ ಸುಳಿವು. ಕಣ್ಣಿನ ದೋಷವಿರುವ ಮಗುವಿನಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಾಣಬಹುದು: ಉಕ್ತಲೇಖನ ಸರಿ, ಹಲಗೆಯಿಂದ ಬರೆದುದೆಲ್ಲ ತಪ್ಪು. ಒಂದಕ್ಕೆ ಕಿವಿಯ ಚಿಕಿತ್ಸೆ, ಇನ್ನೊಂದಕ್ಕೆ ಒಂದು ಜೊತೆ ಕನ್ನಡಕ. ಇಷ್ಟು ಸುಲಭವಾದ ಪರಿಹಾರಗಳು ದೊರೆಯದೆ ಶಾಲೆ ಬಿಟ್ಟ ಮಕ್ಕಳ ಸ್ಥಿತಿ ನಿಜಕ್ಕೂ ಶೋಚನೀಯವಾದುದು.

ಮೂರನೆಯದು ಅವಧಾನದ ಕೊರತೆ. ಇದನ್ನು ಎ.ಡಿ.ಎಚ್.ಡಿ. ಎಂದೂ ಕರೆಯುತ್ತಾರೆ. ಇಂತಹ ಮಗುವಿಗೆ ಓದಲು ಬರುತ್ತದೆ. ಓದುತ್ತ ಕುಳಿತಿರಲು ಆಗುವುದಿಲ್ಲ. ಲೆಕ್ಕದ ರೀತಿ ಗೊತ್ತಿದ್ದರೂ ಕೂಡುವ ಕಡೆ ಕಳೆದುಬಿಡುತ್ತದೆ. ಕೆಲವರು ಒಂದೆಡೆ ನಿಲ್ಲದೆ ಚಡಪಡಿಸುತ್ತಾರೆ. ಇನ್ನು ಕೆಲವರು, ಮುಖ್ಯವಾಗಿ ಅನೇಕ ಬಾಲಕಿಯರು, ಸದ್ದಿಲ್ಲದೆ ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲವಾದುದರಿಂದ ಅವರ ತೊಂದರೆಯೂ ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲಿಯೂ ಒಂದು ಎಚ್ಚರ ಬೇಕು. ಕೆಲವು ಕ್ಷಣಗಳ ಕಾಲ ಮಗುವು ಕಣ್ಣು ನಿಲ್ಲಿಸಿ, ಕೂಗಿದರೂ ಓಗೊಡದೆ, ಮತ್ತೆ ಏನೂ ನಡೆಯದಂತೆ ಕೆಲಸ ಮುಂದುವರಿಸಿದರೆ ಅದು ಹಗಲುಗನಸಲ್ಲ. ಮೂರ್ಛೆರೋಗದ ಒಂದು ಸೌಮ್ಯ ರೂಪವಾಗಿರಬಹುದು. ಅದಕ್ಕೆ ವೈದ್ಯರಲ್ಲಿ ಔಷಧವುಂಟು. ರಕ್ತಹೀನತೆಯಿಂದ ಬಳಲುವ ಮಗುವೂ ತರಗತಿಯಲ್ಲಿ ತೂಕಡಿಸಬಹುದು.

ನಾಲ್ಕನೆಯದು ಸ್ವಲೀನತೆ. ಇದರ ಮೂಲ ತೊಡಕು ಅಕ್ಷರದಲ್ಲಿಲ್ಲ, ಇತರರೊಡನೆ ಬೆರೆಯುವುದರಲ್ಲಿದೆ. ಸ್ವಲೀನತೆಯಿರುವ ಕೆಲವು ಮಕ್ಕಳು ಸರಾಗವಾಗಿ ಓದಿದರೂ ಕಥೆಯಲ್ಲಿನ ಪಾತ್ರವು ಏಕೆ ಅತ್ತಿತೆಂಬುದನ್ನು ಹೇಳಲಾರರು. ಡಿಸ್ಲೆಕ್ಸಿಯಾ ಇರುವ ಮಗುವಿನದು ಇದಕ್ಕೆ ವ್ಯತಿರಿಕ್ತ: ತಾನಾಗಿ ಓದಲಾರದು, ಓದಿ ಹೇಳಿದರೆ ಕಥೆಯ ತಿರುಳನ್ನು ಹಿಡಿಯಬಲ್ಲದು.

ಇಷ್ಟನ್ನು ಕೇಳಿದ ಮೇಲೆ ಈ ಸ್ಥಿತಿಗಳು ಒಂದೊಂದು ಗೂಡಿನಲ್ಲಿ ಪ್ರತ್ಯೇಕವಾಗಿ ಕುಳಿತಿವೆ ಎಂದು ತೋರಬಹುದು. ವಾಸ್ತವವು ಹಾಗಿಲ್ಲ. ನೀರು ಸಾಲದ ಗದ್ದೆಗೆ ಹುಳುವೂ ಬೀಳಬಹುದಲ್ಲವೇ? ಹಾಗೆಯೇ ಒಂದೇ ಮಗುವಿನಲ್ಲಿ ಎರಡು ಮೂರು ತೊಡಕುಗಳು ಕೂಡಿಕೊಂಡಿರಬಹುದು. ಡಿಸ್ಲೆಕ್ಸಿಯಾ ಮತ್ತು ಅವಧಾನದ ಕೊರತೆ ಇವುಗಳಲ್ಲಿ ಒಂದು ಇದ್ದವರ ಪೈಕಿ ನೂರಕ್ಕೆ ಸುಮಾರು 25ರಿಂದ 40 ಮಂದಿಯಲ್ಲಿ ಇನ್ನೊಂದೂ ಇರುವುದೆಂದು ಅಧ್ಯಯನಗಳು ಹೇಳುತ್ತವೆ. ಓದಿನ ತೊಡಕಿರುವ ಅನೇಕರಿಗೆ ಲೆಕ್ಕದ ತೊಡಕೂ ಉಂಟು. ಈ ಸ್ಥಿತಿಗಳ ಹಿಂದಿರುವ ವಂಶಪಾರಂಪರ್ಯದ ಕಾರಣಗಳಲ್ಲಿ ಕೆಲವು ಎರಡಕ್ಕೂ ಸಮಾನವಾಗಿರುವುದೇ ಇದಕ್ಕೆ ಒಂದು ಕಾರಣ.

ಇದಲ್ಲದೆ ಒಂದು ತೊಡಕು ಇನ್ನೊಂದನ್ನು ಹುಟ್ಟಿಸುವುದೂ ಉಂಟು. ಓದಲಾರದ ಹುಡುಗನು ಎಲ್ಲರ ಮುಂದೆ ನಗೆಪಾಟಲಾಗುತ್ತಾನೆ. ಬರಬರುತ್ತ ಪುಸ್ತಕವನ್ನು ಕಂಡರೆ ಆತನಿಗೆ ಎದೆ ನಡುಗುತ್ತದೆ, ಶಾಲೆಯ ಹೊತ್ತಿಗೆ ಹೊಟ್ಟೆನೋವು ಬರುತ್ತದೆ. ತನ್ನ ಸೋಲನ್ನು ಮುಚ್ಚಿಕೊಳ್ಳಲು ತುಂಟತನ ಮಾಡುತ್ತಾನೆ. ಆಗ ನೋಡಿದವರು ಈತನು ಸೋಮಾರಿ, ತುಂಟ, ಆದುದರಿಂದಲೇ ಓದು ಬಂದಿಲ್ಲ ಎನ್ನುತ್ತಾರೆ. ಕಾರ್ಯವನ್ನೇ ಕಾರಣವೆಂದು ತಿಳಿಯುವ ತಪ್ಪು ಇದು. ಆದುದರಿಂದ ಯಾವುದು ಮೊದಲು ಬಂದಿತೆಂಬುದನ್ನು ವಿಚಾರಿಸುವುದು ಪರೀಕ್ಷಕರ ಮುಖ್ಯ ಕರ್ತವ್ಯಗಳಲ್ಲೊಂದು.

ಈ ಗಂಟನ್ನು ಬಿಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಕಣ್ಣು ಮತ್ತು ಕಿವಿಗಳ ಪರೀಕ್ಷೆ. ಬಳಿಕ ಮಕ್ಕಳ ವೈದ್ಯರಿಂದ ದೇಹಸ್ಥಿತಿಯ ಪರೀಕ್ಷೆ. ಆಮೇಲೆ ಮನಶ್ಶಾಸ್ತ್ರಜ್ಞರಿಂದ ಬುದ್ಧಿಶಕ್ತಿಯ ಮತ್ತು ಓದು ಬರಹ ಲೆಕ್ಕಗಳ ಪರೀಕ್ಷೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ದೃಷ್ಟಿದೋಷ, ಶ್ರವಣದೋಷಗಳೊಡನೆ ಕಲಿಕೆಯ ತೊಡಕು ಮತ್ತು ಅವಧಾನದ ಕೊರತೆಗಳೂ ಸೇರಿವೆ. ಮಂಡ್ಯ ಜಿಲ್ಲೆಯವರಿಗೆ ದೊಡ್ಡ ಸಂಸ್ಥೆಗಳೂ ಬಹಳ ದೂರವಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನಲ್ಲಿದೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಬೆಂಗಳೂರಿನಲ್ಲಿದೆ. ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷಾಮಾಲೆಯು ಅವಧಾನ, ಓದು, ಬರಹ, ಲೆಕ್ಕ, ಸ್ಮರಣೆ ಮುಂತಾದವುಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ. ಅದನ್ನು ದೇಶದ ಅನೇಕ ಕಡೆ ಬಳಸುತ್ತಾರೆ. ಮಂಡ್ಯ, ಮದ್ದೂರುಗಳಿಂದ ಈ ಎರಡು ನಗರಗಳಿಗೂ ರೈಲಿನಲ್ಲಿ ಹೋಗಬಹುದು. ಮಳವಳ್ಳಿಗೆ ರೈಲಿಲ್ಲ, ಅಲ್ಲಿನ ತಾಯಿತಂದೆಯರು ಬಸ್ಸಿನಲ್ಲಿ ಹೋಗಿಬರಲು ಒಂದು ದಿನದ ಕೂಲಿಯನ್ನು ಬಿಡಬೇಕಾಗುತ್ತದೆ. ಮಗುವಿಗಾಗಿ ಬಿಟ್ಟ ಆ ಕೂಲಿ ವ್ಯರ್ಥವಾಗುವುದಿಲ್ಲವೆಂಬ ಭರವಸೆಯನ್ನು ಅವರಿಗೆ ನೀಡಬೇಕಾದವರು ಅಧ್ಯಾಪಕರು.

ಕಾನೂನು ಕೂಡ ಈ ಮಕ್ಕಳನ್ನು ಗುರುತಿಸಲು ಬಹುಕಾಲ ಹಿಡಿಯಿತು. ಅಂಗವಿಕಲರಿಗಾಗಿ 1995ರಲ್ಲಿ ಆದ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಇದ್ದವು. ಕಲಿಕಾ ನ್ಯೂನತೆಯ ಹೆಸರಿರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆ ಸಂಖ್ಯೆಯನ್ನು ಇಪ್ಪತ್ತೊಂದಕ್ಕೆ ಏರಿಸಿ, ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಸ್ವಲೀನತೆ ಇವುಗಳಿಗೆ ಬೇರೆ ಬೇರೆ ಲಕ್ಷಣಗಳನ್ನು ಹೇಳಿತು. ಮೂರನೆಯ ತರಗತಿಯ ಅಥವಾ ಎಂಟು ವರ್ಷದ ಹೊತ್ತಿಗೆ ಶಾಲೆಯಲ್ಲಿಯೇ ಮೊದಲ ತಪಾಸಣೆ ನಡೆಯಬೇಕೆಂದೂ, ಪ್ರಮಾಣಪತ್ರಕ್ಕಾಗಿ ಎಂಟು, ಹದಿನಾಲ್ಕು ಮತ್ತು ಹದಿನೆಂಟನೆಯ ವಯಸ್ಸಿನಲ್ಲಿ ಪರೀಕ್ಷೆಯಾಗಬೇಕೆಂದೂ 2018ರ ಮಾರ್ಗಸೂಚಿಯು ವಿಧಿಸಿತು. ಇಂತಹ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮೊದಲಾದ ಸೌಲಭ್ಯಗಳು ದೊರೆಯುತ್ತವೆ. ಇದು ದಯೆಯಲ್ಲ, ಕಣ್ಣು ಮಂದವಾದವನಿಗೆ ಕನ್ನಡಕವಿದ್ದಂತೆ ನ್ಯಾಯವಾದ ವ್ಯವಸ್ಥೆ.

ಕಾರಣ ತಿಳಿದ ಮೇಲೆ ಪರಿಹಾರವೂ ಬೇರೆ ಬೇರೆಯಾಗುತ್ತದೆ. ಡಿಸ್ಲೆಕ್ಸಿಯಾಕ್ಕೆ ಮಾತ್ರೆಯಿಲ್ಲ, ಪಾಠವೇ ಅದಕ್ಕೆ ಮದ್ದು. ಧ್ವನಿಯನ್ನು ಬಿಡಿಸಿ ಕೇಳಿಸುವುದು, ಅಕ್ಷರವನ್ನು ಕಣ್ಣಿನಿಂದ ನೋಡುತ್ತ, ಬಾಯಿಂದ ಹೇಳುತ್ತ, ಬೆರಳಿನಿಂದ ತಿದ್ದುವುದು, ಸ್ವಲ್ಪಸ್ವಲ್ಪವಾಗಿ ಪ್ರತಿದಿನವೂ ಅಭ್ಯಾಸ ಮಾಡುವುದು ಇವು ಆ ಪಾಠದ ಕ್ರಮಗಳು. ಹಿಂದಿನ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆ ಹಳೆಯ ಪದ್ಧತಿಯ ಒಂದು ಗುಣವು ಇಂದಿನ ವಿಶೇಷ ಶಿಕ್ಷಣದಲ್ಲಿಯೂ ಉಳಿದಿದೆ. ಅವಧಾನದ ಕೊರತೆಯಿರುವ ಮಗುವಿಗೆ ಮುಂದಿನ ಸಾಲಿನ ಜಾಗ, ತುಂಡುಮಾಡಿ ಕೊಟ್ಟ ಕೆಲಸ, ಅಗತ್ಯವಿದ್ದರೆ ವೈದ್ಯರು ಹೇಳಿದ ಔಷಧ ನೆರವಾಗುತ್ತವೆ. ಬೌದ್ಧಿಕ ನ್ಯೂನತೆಯ ಮಗುವಿಗೆ ಜೀವನಕ್ಕೆ ಬೇಕಾದ ಕೌಶಲಗಳನ್ನು ನಿಧಾನವಾಗಿ ಕಲಿಸಬೇಕು. ಎರಡು ತೊಡಕುಗಳು ಕೂಡಿದ್ದರೆ ಎರಡಕ್ಕೂ ಪರಿಹಾರ ಬೇಕು. ಹುಳುವಿಗೆ ಮದ್ದು ಹೊಡೆದು ನೀರು ಬಿಡದಿದ್ದರೆ ಪೈರು ಹಸುರಾಗುವುದಿಲ್ಲ.

ಅಧ್ಯಾಪಕರು, ವೈದ್ಯರು, ತಂದೆತಾಯಿಗಳು ಮಾಡಬೇಕಾದುದು ಹೀಗೆ ಬಹಳವಿದೆ. ಆದರೆ ಮಗುವು ದಿನದ ಹೆಚ್ಚು ಹೊತ್ತನ್ನು ಕಳೆಯುವುದು ಸಹಪಾಠಿಗಳ ನಡುವೆ. 'ದಡ್ಡ' ಎಂಬ ಮಾತನ್ನು ಅದು ಮೊದಲು ಕೇಳುವುದೂ ಬಹುಮಟ್ಟಿಗೆ ಅಲ್ಲಿಯೇ. ಓದಲು ತಡವರಿಸುವ ಗೆಳೆಯನನ್ನು ಕಂಡು ನಗದೆ, ಆತನ ಪಕ್ಕದಲ್ಲಿ ಕುಳಿತು ಒಂದು ಪುಟವನ್ನು ಓದಿ ಹೇಳುವ ವಿದ್ಯಾರ್ಥಿಯು ಯಾವ ಪರೀಕ್ಷಾಮಾಲೆಯೂ ಮಾಡಲಾರದ ಉಪಕಾರವನ್ನು ಮಾಡಿದಂತಾಗುತ್ತದೆ. ಮದ್ದೂರಿನ ಆ ಬಾಲಕನು ಎಳನೀರಿನ ಲೆಕ್ಕವನ್ನು ಮುಂದೊಂದು ದಿನ ತಾನೇ ಪುಸ್ತಕದಲ್ಲಿ ಬರೆದಿಡುವನೋ, ಇಲ್ಲವೆ ಓದಿಗೆ ಹೆದರಿ ಶಾಲೆಯ ಬಾಗಿಲಿನಿಂದಲೇ ಹಿಂದಿರುಗುವನೋ ಎಂಬುದು ಆತನ ಪಕ್ಕದಲ್ಲಿ ಕುಳಿತವರನ್ನೂ ಅವಲಂಬಿಸಿದೆ.